ಫೈಲಿಗೆ ಸೇರದ ಮಾತು

ಮೊನ್ನೆ ಭಾನುವಾರ ಕತಾರಿನ ಓಲ್ಡ್ ಏರ್‌ಪೋರ್ಟ್ ಬಡಾವಣೆಯ ನಮ್ಮ ಆಫೀಸಿನಲ್ಲಿ ಹೊಸದಾಗಿ ಸೇರಿದ ನರ್ಸುಗಳಿಗೆ ಚಳಿಗಾಲದ ಪಾಠ ಮಾಡಿದೆ. ನಮ್ಮದು ವಯಸ್ಸಾದವರನ್ನು, ಹಾಸಿಗೆ ಹಿಡಿದವರನ್ನು ಅವರವರ ಮನೆಗೇ ಹೋಗಿ ನೋಡಿಕೊಳ್ಳುವ ಸಣ್ಣ ಕಂಪನಿ. ಗೋಡೆಯ ಮೇಲೆ ಒಂದೊಂದೇ ಸ್ಲೈಡು ಬಿಡುತ್ತಾ ಹೋದೆ. ಮಂಜು ಕವಿದಿದ್ದರೆ ವ್ಯಾನು ಹೊರಡಬಾರದು. ಪೇಷೆಂಟಿನ ಕೈಯಲ್ಲ, ಪಾದ ಮುಟ್ಟಿ ನೋಡಬೇಕು. ಸ್ನಾನಕ್ಕೆ ಮೊದಲು ಬಚ್ಚಲಿನ ನೆಲಕ್ಕೆ ಬಿಸಿನೀರು ಚೆಲ್ಲಬೇಕು. ಕೆಂಡ ಇರುವ ಕಡೆ ಗಾಳಿಗೆ ದಾರಿ ಇರಬೇಕು. ಪಾಠ ಮುಗಿದ ಮೇಲೆ ಒಬ್ಬಾಕೆ ಎದ್ದು ನಿಂತು, ಇಂಥ ಸಣ್ಣ ಸಣ್ಣ ವಿಷಯಗಳೆಲ್ಲ ನಿಮಗೆ ಹೇಗೆ ಗೊತ್ತಾದವು ಸರ್ ಎಂದು ಕೇಳಿದಳು. ಅನುಭವ ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು.

ಒಂದು ಸುಳ್ಳಿಗೆ ಎಷ್ಟು ಕಡಿಮೆ ಉಸಿರು ಸಾಕು ನೋಡಿ. ಆ ಪಾಠದಲ್ಲಿ ನನ್ನದೆಂಬುದು ಒಂದಕ್ಷರವೂ ಇರಲಿಲ್ಲ, ಕೊನೆಯ ಸ್ಲೈಡಿನಲ್ಲಿದ್ದ ನನ್ನ ಹೆಸರನ್ನು ಬಿಟ್ಟು. ಅದನ್ನೆಲ್ಲ ಹೇಳಿಕೊಟ್ಟವರು ಮೂರು ದಿನ ಮೊದಲು ಉಡುಪಿ ಕಡೆಯ ಶಿರ್ವದ ಹತ್ತಿರದ ತಮ್ಮ ಮನೆಯಲ್ಲಿ ತೀರಿಕೊಂಡಿದ್ದರು. ಸುದ್ದಿ ನನಗೆ ಬಂದಿತ್ತು. ಗೊತ್ತಿದ್ದೂ ಚಪ್ಪಾಳೆ ತೆಗೆದುಕೊಂಡೆ. ಅವರಿಗೆ ನಾನು ಮಾಡಿದ ಅನ್ಯಾಯ ಇಷ್ಟೇ ಆಗಿದ್ದರೆ ಇದನ್ನು ಬರೆಯುವ ಅಗತ್ಯ ಇರಲಿಲ್ಲ. ಅವರ ಹೆಸರು ಕೆಡಿಸಿ ಊರಿಗೆ ಕಳಿಸಿದವನು ನಾನು. ಆ ಹೆಸರನ್ನು ಇಲ್ಲಿ ಬರೆಯುವ ಯೋಗ್ಯತೆಯೂ ನನಗಿಲ್ಲ.

ಕಂಪನಿಯಲ್ಲಿ ಎಲ್ಲರೂ ಅವರನ್ನು ದೊಡ್ಡ ಸಿಸ್ಟರ್ ಎನ್ನುತ್ತಿದ್ದರು. ದೊಡ್ಡವರು ವಯಸ್ಸಿನಲ್ಲಿ ಮಾತ್ರ. ಆಳು ಐದಡಿಯೂ ಇರಲಿಲ್ಲ. ನವೆಂಬರ್ ಕಳೆಯಿತೆಂದರೆ ಯೂನಿಫಾರ್ಮಿನ ಮೇಲೆ ಎರಡು ಸ್ವೆಟರ್ ಹಾಕುತ್ತಿದ್ದರು. ಒಳಗಿನದು ಅವರದು, ಹೊರಗಿನದು ತೀರಿಹೋದ ಗಂಡನದು. ತೋಳನ್ನು ನಾಲ್ಕು ಮಡಿಕೆ ಮಡಚಿದರೂ ಅದು ಬೆರಳಿನವರೆಗೆ ಬರುತ್ತಿತ್ತು. ಮೈಯೆಲ್ಲ ನೀಲಗಿರಿ ಎಣ್ಣೆಯ ವಾಸನೆ. ವ್ಯಾನಿನಲ್ಲಿ ಅವರು ಕೂತು ಎದ್ದ ಸೀಟಿನಲ್ಲಿ ಮಧ್ಯಾಹ್ನದವರೆಗೂ ಆ ವಾಸನೆ ಇರುತ್ತಿತ್ತು.

"ಸಿಸ್ಟರ್, ಇದು ಕತಾರ್, ಕಾಶ್ಮೀರ ಅಲ್ಲ" ಎಂದು ನಾನು ತಮಾಷೆ ಮಾಡಿದರೆ, "ಚಳಿಗೆ ವೀಸಾ ಬೇಡ ತಮ್ಮಾ, ಅದು ಎಲ್ಲಿಗೂ ಬರ್ತದೆ" ಎನ್ನುತ್ತಿದ್ದರು.

ಊರಿನವರಿಗೆ ಹೇಳಿದರೆ ನಂಬುವುದಿಲ್ಲ. ಕತಾರ್ ಎಂದರೆ ಅವರಿಗೆ ಬೆಂಕಿ. ಇಲ್ಲಿನ ಜನವರಿಯ ಮುಂಜಾವು ಅವರಿಗೆ ಗೊತ್ತಿಲ್ಲ. ದೊಡ್ಡ ದೊಡ್ಡ ವಿಲ್ಲಾಗಳನ್ನು ಕಟ್ಟಿರುವುದೇ ಸೆಖೆಗೆ. ಅಮೃತಶಿಲೆಯ ನೆಲ, ಎತ್ತರದ ಸೂರು, ಕೋಣೆ ಬಿಸಿ ಮಾಡುವ ವ್ಯವಸ್ಥೆ ಹೆಚ್ಚಿನ ಕಡೆ ಇಲ್ಲ. ಹಾಸಿಗೆಯಲ್ಲಿ ಅಲ್ಲಾಡದೆ ಮಲಗಿದ ಎಂಬತ್ತು ವರ್ಷದವರಿಗೆ ಆ ಥಂಡಿ ಸಾಕು. ಬೇರೆ ನರ್ಸುಗಳು ಹಣೆ ಮುಟ್ಟಿ, ಕೈ ಮುಟ್ಟಿ ಸರಿ ಉಂಟು ಎಂದು ಬರೆದು ಬರುತ್ತಿದ್ದರು. ದೊಡ್ಡ ಸಿಸ್ಟರ್ ಹೋದವರೇ ರಜಾಯಿಯ ಬುಡ ಎತ್ತಿ ಪಾದ ಹಿಡಿಯುತ್ತಿದ್ದರು. "ಕೈ ಸುಳ್ಳು ಹೇಳ್ತದೆ. ಪಾದಕ್ಕೆ ನಾಟಕ ಗೊತ್ತಿಲ್ಲ" ಎಂಬುದು ಅವರ ಮಾತು.

ಅಲ್ ಮನ್ಸೂರಾದ ಅಂಗಡಿಗಳಲ್ಲಿ ಉಣ್ಣೆಯ ಕಾಲುಚೀಲಗಳನ್ನು ಕಟ್ಟುಗಟ್ಟಲೆ ಕೊಂಡು ಚೀಲದಲ್ಲಿಟ್ಟುಕೊಳ್ಳುತ್ತಿದ್ದರು. ಬಣ್ಣ ಗಿಣ್ಣ ನೋಡುವ ಅಭ್ಯಾಸ ಇರಲಿಲ್ಲ. ಒಮ್ಮೆ ಗಂಭೀರ ಮುಖದ ಅರಬ್ ಮುದುಕರೊಬ್ಬರಿಗೆ ಗುಲಾಬಿ ಬಣ್ಣದ್ದು, ಮೇಲೆ ಮೊಲದ ಚಿತ್ರ ಇದ್ದದ್ದು ಹಾಕಿ ಬಂದಿದ್ದರು. ಮಗ ಫೋನ್ ಮಾಡಿ ನನ್ನನ್ನು ಬೈದ. ನಾನು ಇವರನ್ನು ಬೈದೆ. ಮರುದಿನ ಬಿಳಿ ಕಾಲುಚೀಲ ತೆಗೆದುಕೊಂಡು ಹೋದರೆ ಮುದುಕರು ಮೊಲದ್ದೇ ಬೇಕು ಎಂದು ಹಟ ಹಿಡಿದರಂತೆ. ಅದನ್ನು ಹೇಳುವಾಗ ಅವರು ನಕ್ಕದ್ದು ನನಗೆ ಇನ್ನೂ ಕಾಣುತ್ತದೆ. ನಗುವಾಗ ಸ್ವೆಟರಿನ ತೋಳಿನಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದರು.

ಹಾಗೆಂದು ಅವರನ್ನು ದೇವತೆ ಮಾಡುವುದಿಲ್ಲ. ಮಹಾ ಜಗಳಗಂಟಿ. ಪೇಷೆಂಟಿನ ಮನೆಯವರ ಅಡುಗೆಮನೆಗೆ ನುಗ್ಗಿ ಗಂಜಿ ಹೀಗೆ ಬೇಯಿಸಿ, ಹಾಗೆ ಬೇಯಿಸಿ ಎಂದು ಪಾಠ ಮಾಡುತ್ತಿದ್ದರು. ಫಾರ್ಮುಗಳನ್ನು ಹೊತ್ತಿಗೆ ಸರಿಯಾಗಿ ಕೊಟ್ಟ ಚರಿತ್ರೆ ಇಲ್ಲ. ನನ್ನ ಕೆಲಸ ಯಾರು ಯಾವ ಮನೆಗೆ ಎಷ್ಟು ಗಂಟೆಗೆ ಹೋಗಬೇಕು ಎಂದು ಪಟ್ಟಿ ಹಾಕುವುದು. ಆ ಪಟ್ಟಿಯ ಬಗ್ಗೆ ನನಗೆ ಬಹಳ ಜಂಬ ಇತ್ತು. ಅದನ್ನು ಕೆಡಿಸುವುದಕ್ಕೇ ದೇವರು ಇವರನ್ನು ವಿಮಾನ ಹತ್ತಿಸಿದ್ದಾನೆ ಎಂದು ಎಷ್ಟೋ ಸಲ ಮಂಡೆ ಬಿಸಿ ಮಾಡಿಕೊಂಡಿದ್ದೇನೆ.

ಮಂಜಿನ ದಿನಗಳಲ್ಲಂತೂ ನನಗೂ ಅವರಿಗೂ ಮಹಾಯುದ್ಧ. ಸ್ಟಾಫಿನ ಕಟ್ಟಡ ಅಲ್ ಮನ್ಸೂರಾದಲ್ಲಿತ್ತು. ಬೆಳಿಗ್ಗೆ ಐದೂವರೆಗೆ ವ್ಯಾನು. ಕಟ್ಟಡದ ಬಾಗಿಲಿನಿಂದ ನೋಡಿದರೆ ರಸ್ತೆಯ ಆ ತುದಿಯಲ್ಲಿ ಹಣ ಕಳಿಸುವ ಅಂಗಡಿಯ ಬೋರ್ಡು. ಅದರ ಅಕ್ಷರ ಓದಲು ಬರುವವರೆಗೆ ವ್ಯಾನು ಹೊರಡಬಾರದು ಎಂಬುದು ಅವರು ತಾವೇ ಮಾಡಿಕೊಂಡ ಕಾನೂನು. ಡ್ರೈವರ್ ಮಲಯಾಳಿ, ಅವನೂ ಅವರ ಪಕ್ಷ. ಇಬ್ಬರೂ ಮೆಟ್ಟಿಲ ಮೇಲೆ ಕೂತು ಫ್ಲಾಸ್ಕಿನ ಜೀರಿಗೆ ಕಷಾಯ ಕುಡಿಯುತ್ತಿದ್ದರು. ನಾನು ಫೋನಿನಲ್ಲಿ ಕೂಗುತ್ತಿದ್ದೆ.

"ಯಲ್ಲಾ, ಹೊರಡಿ ಸಿಸ್ಟರ್, ಅಲ್ ಖೋರ್‌ನವರು ಕಾಯ್ತಾ ಇದ್ದಾರೆ."

"ಕಾಯ್ಲಿ. ಬೋರ್ಡು ಕಾಣುದಿಲ್ಲ."

"ನಿಮ್ಮ ಕಣ್ಣು ಟೆಸ್ಟ್ ಮಾಡಿಸಿ. ಅವರು ಬೈತಾರೆ ನನಗೆ."

"ಬೈಗುಳ ತಿಂದು ಸತ್ತವರನ್ನು ನಾನು ಈವರೆಗೆ ನೋಡ್ಲಿಲ್ಲ ತಮ್ಮಾ. ನೀನೇ ಮೊದಲಿಗ ಆಗುದಾದ್ರೆ ಹೇಳು, ಹೂ ತರ್ತೇನೆ."

ಅಂಥದೇ ಒಂದು ಬೆಳಿಗ್ಗೆ ಅಲ್ ಖೋರ್ ದಾರಿಯಲ್ಲಿ ಗಾಡಿಗಳು ಒಂದರ ಹಿಂದೆ ಒಂದು ಗುದ್ದಿಕೊಂಡು ನಿಂತವು. ನಮ್ಮ ವ್ಯಾನು ಹೇಳಿದ ಹೊತ್ತಿಗೆ ಹೊರಟಿದ್ದರೆ ಅಲ್ಲೇ ಇರುತ್ತಿತ್ತು. ನಾನು ಥ್ಯಾಂಕ್ಸ್ ಹೇಳಲಿಲ್ಲ. ಫಾರ್ಮು ಎಲ್ಲಿ ಎಂದು ಕೇಳಿದೆ.

ಈಗ ಆ ಫಾರ್ಮಿನ ವಿಷಯ ಹೇಳಬೇಕು, ಯಾಕೆಂದರೆ ಎಲ್ಲ ಕೆಟ್ಟದ್ದು ಅಲ್ಲಿಂದ. ದೊಡ್ಡ ಸಿಸ್ಟರಿಗೆ ಇಂಗ್ಲಿಷು ಮಾತಾಡಲು ಬರುತ್ತಿತ್ತು, ಬರೆಯಲು ಕೈ ನಡುಗುತ್ತಿತ್ತು. ಕನ್ನಡ ಶಾಲೆಯಲ್ಲಿ ಕಲಿತು, ಆಸ್ಪತ್ರೆಯ ಕೆಲಸವನ್ನು ಕೈಯಿಂದ ಕಲಿತವರು. ಪ್ರತಿ ಭೇಟಿಯ ನಂತರ ಕಂಪ್ಯೂಟರಿನ ಫೈಲಿನಲ್ಲಿ ಇಂಗ್ಲಿಷಿನಲ್ಲಿ ವರದಿ ಬರೆಯಬೇಕು ಎಂಬ ನಿಯಮ ಬಂದಾಗ ಅವರು ನನ್ನ ಮೇಜಿನ ಹತ್ತಿರ ಬಂದು ಸ್ವೆಟರಿನ ತೋಳು ಎಳೆಯುತ್ತಾ ನಿಂತರು. ನನ್ನ ಮನೆಮಾತು ಬ್ಯಾರಿ, ಅವರದು ಕೊಂಕಣಿ. ನಮ್ಮ ನಡುವೆ ಇದ್ದದ್ದು ಕನ್ನಡ. "ನಾನು ಫೋನಿನಲ್ಲಿ ಮಾತಾಡಿ ಕಳಿಸ್ತೇನೆ, ನೀನು ಇಂಗ್ಲಿಷ್ ಮಾಡಿ ಹಾಕ್ತಿಯಾ?" ಎಂದರು. ಹಾಕುತ್ತೇನೆ ಎಂದೆ. ಮ್ಯಾನೇಜರಿಗೆ ಗೊತ್ತಾಗುವುದು ಬೇಡ ಎಂದು ಇಬ್ಬರೂ ಮಾತಾಡಿಕೊಂಡೆವು.

ಆರು ವರ್ಷ ಹಾಗೆ ನಡೆಯಿತು. ಅವರು ವ್ಯಾನಿನಲ್ಲಿ ಕೂತು ಕನ್ನಡದಲ್ಲಿ ಹೇಳುತ್ತಿದ್ದರು. ಹಿಂದೆ ಹಾರ್ನು, ಡ್ರೈವರನ ಹಾಡು. "ಅಜ್ಜಿಗೆ ಇವತ್ತು ಸಿಟ್ಟು. ಸೊಸೆ ಹತ್ರ ಮಾತು ಬಿಟ್ಟಿದ್ದಾರೆ. ಅದಕ್ಕೆ ಊಟ ಬೇಡ ಅಂತ. ನಾನು ಸೊಸೆಯನ್ನು ಹೊರಗೆ ಕಳಿಸಿ ತಿನ್ನಿಸಿದೆ." ನಾನು ಅದನ್ನು ಪೇಷೆಂಟ್ ಮೊದಲು ಆಹಾರ ನಿರಾಕರಿಸಿದರು, ನಂತರ ಸ್ವೀಕರಿಸಿದರು ಎಂದು ಇಂಗ್ಲಿಷಿನಲ್ಲಿ ಬರೆಯುತ್ತಿದ್ದೆ. ಕಂಪನಿಯಲ್ಲೇ ಒಳ್ಳೆಯ ವರದಿ ದೊಡ್ಡ ಸಿಸ್ಟರದ್ದು ಎಂದು ಮ್ಯಾನೇಜರ್ ಹೊಗಳಿದರೆ ಇಬ್ಬರೂ ಮುಖ ಮುಖ ನೋಡಿಕೊಳ್ಳುತ್ತಿದ್ದೆವು. ಅವರ ಮಾತಿನ ಕೀಲಿಕೈ ನನ್ನ ಕೈಯಲ್ಲಿತ್ತು. ಯಾವುದನ್ನು ಹಾಕಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ನಿಧಾನವಾಗಿ ನಾನೇ ತೀರ್ಮಾನಿಸತೊಡಗಿದೆ. ಅವರು ಒಂದು ಸಲವೂ ತೋರಿಸು ಎನ್ನಲಿಲ್ಲ.

ಇಲ್ಲಿನ ದೊಡ್ಡ ಮನೆತನಗಳವರು ಚಳಿಗಾಲದಲ್ಲಿ ಮರುಭೂಮಿಯಲ್ಲಿ ಡೇರೆ ಹಾಕುತ್ತಾರೆ. ವಾರಗಟ್ಟಲೆ ಅಲ್ಲೇ ಹೋಗಿ ಬಂದು ಇರುತ್ತಾರೆ. ಡೇರೆ ಎಂದರೆ ನಮ್ಮ ಕಲ್ಪನೆಯ ಡೇರೆಯಲ್ಲ, ರತ್ನಗಂಬಳಿ, ದಿಂಬು, ಟಿವಿ ಎಲ್ಲ ಇರುತ್ತದೆ. ನಡುವೆ ಕೆಂಡದ ದೊಡ್ಡ ತಟ್ಟೆ, ಅದರ ಮೇಲೆ ಕಾಫಿಯ ಪಾತ್ರೆ. ನಮ್ಮ ಒಂದು ಮನೆಯ ಅಜ್ಜಿಗೆ ಒಂದು ಪಕ್ಕ ಬಿದ್ದುಹೋಗಿತ್ತು, ಮಾತಿಲ್ಲ. ಆದರೆ ಡೇರೆಗೆ ಹೋಗುವುದೆಂದರೆ ಕಣ್ಣು ಅರಳುತ್ತಿತ್ತಂತೆ. ಅದಕ್ಕೆ ಮನೆಯವರು ಅವರನ್ನೂ ಕರೆದುಕೊಂಡು ಹೋದರು, ಜೊತೆಗೆ ಹಗಲಿನ ನರ್ಸಾಗಿ ದೊಡ್ಡ ಸಿಸ್ಟರ್. ಕಂಪನಿಗೆ ಅದು ದೊಡ್ಡ ಗಿರಾಕಿ. ಅವರ ಕಡೆಯಿಂದ ಇನ್ನೂ ಎರಡು ಮನೆ ಸಿಗುವ ಮಾತಿತ್ತು.

ಮೊದಲ ವಾರವೇ ದೂರು ಬಂತು. ನಿಮ್ಮ ನರ್ಸು ಡೇರೆಯ ಬಾಗಿಲ ಬಟ್ಟೆಯನ್ನು ಕಟ್ಟಲು ಬಿಡುವುದಿಲ್ಲ, ಒಂದು ಗೇಣು ಎತ್ತಿಯೇ ಇಡುತ್ತಾರೆ, ಗಾಳಿ ಒಳಗೆ ಬರುತ್ತದೆ, ಅಮ್ಮನಿಗೆ ಥಂಡಿಯಾಗುತ್ತದೆ ಎಂದು ಮನೆಯ ಮಗಳು ಹೇಳಿದಳು. ಅಷ್ಟೇ ಅಲ್ಲ, ಕೆಂಡದ ತಟ್ಟೆಯನ್ನು ಆಳಿನ ಕೈಯಲ್ಲಿ ಹೊರಗೆ ಕಳಿಸಿದ್ದರಂತೆ, ಅತಿಥಿಗಳ ಎದುರಿಗೆ. ಅದೇ ಸಂಜೆ ದೊಡ್ಡ ಸಿಸ್ಟರ್ ಕಳಿಸಿದ ಮೆಸೇಜು ನನಗೆ ಬಾಯಿಪಾಠ ಇದೆ.

"ತಮ್ಮಾ, ಇದನ್ನು ಸರಿ ಬರೆದು ಹಾಕು. ಡೇರೆ ಒಳಗೆ ಕೆಂಡ ಇಡ್ತಾರೆ, ಮತ್ತೆ ಸುತ್ತ ಮುಚ್ಚಿ ಕಟ್ತಾರೆ. ಅದು ಆಗುದಿಲ್ಲ. ಕೆಂಡದ ವಿಷಗಾಳಿಗೆ ಹೊಗೆ ಇಲ್ಲ, ವಾಸನೆ ಇಲ್ಲ, ಗೊತ್ತೇ ಆಗುದಿಲ್ಲ. ನಮ್ಮ ಮನೆಯಲ್ಲಿ ನನ್ನ ಅಕ್ಕನ ಬಾಣಂತನಕ್ಕೆ ಕೋಣೆಯಲ್ಲಿ ಕೆಂಡ ಇಟ್ಟು ಬಾಗಿಲು ಹಾಕಿದ್ರು, ಮಗುಗೆ ಗಾಳಿ ತಾಗ್ಬಾರದು ಅಂತ. ಬೆಳಿಗ್ಗೆ ಬಾಗಿಲು ತೆಗೆದಾಗ ಮಗುವಿಗೆ ಜೀವ ಇರ್ಲಿಲ್ಲ. ಅಕ್ಕ ಉಳಿದಳು, ಮತ್ತೆ ಮೊದಲಿನ ಹಾಗೆ ಆಗ್ಲಿಲ್ಲ. ನಾನು ಇದ್ದರೆ ನೋಡಿಕೊಳ್ತೇನೆ. ನಾನಿಲ್ಲದಾಗ ಬರುವವರಿಗೆ ಗೊತ್ತಾಗ್ಬೇಕಲ್ಲ. ಅದಕ್ಕೆ ಬರೆ."

ನಾನು ಬರೆಯಲಿಲ್ಲ.

ಕಾರಣ ಹೇಳುತ್ತೇನೆ, ಕ್ಷಮೆಗಾಗಿ ಅಲ್ಲ. ಫೈಲನ್ನು ಮನೆಯವರೂ ನೋಡಬಹುದಿತ್ತು. ಅವರ ಪದ್ಧತಿಯನ್ನೇ ಅಪಾಯ ಎಂದು ಬರೆದರೆ ದೊಡ್ಡ ಗಿರಾಕಿ ಮುನಿಸಿಕೊಂಡಾರು ಎಂದು ಹೆದರಿದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಲೆಕ್ಕ ಹಾಕಿದೆ. ಪೇಷೆಂಟ್ ಆರಾಮವಾಗಿದ್ದಾರೆ, ಡೇರೆಯ ವಾಸ ಇಷ್ಟಪಡುತ್ತಿದ್ದಾರೆ ಎಂದು ಹಾಕಿದೆ. ಮರುದಿನವೇ ದೊಡ್ಡ ಸಿಸ್ಟರನ್ನು ಬೇರೆ ಮನೆಗೆ ಹಾಕಿ, ಅಲ್ಲಿಗೆ ಹೊಸ ಮಲಯಾಳಿ ನರ್ಸನ್ನು ಕಳಿಸಿದೆ. ಡೇರೆಯ ಬಾಗಿಲಿನ ತಂಟೆಗೆ ಹೋಗಬೇಡ, ಅವರಿಗೆ ಬೇಕಾದ ಹಾಗೆ ಇರಲಿ ಎಂದು ಆಕೆಗೆ ಹೇಳಿದವನೂ ನಾನೇ. "ಕೆಂಡದ್ದು ಹೇಳಿದ್ದಿಯಲ್ಲ ಅವಳಿಗೆ?" ಎಂದು ದೊಡ್ಡ ಸಿಸ್ಟರ್ ಕೇಳಿದರು. "ಎಲ್ಲ ಫೈಲಿನಲ್ಲಿ ಉಂಟು" ಎಂದೆ.

ಐದನೇ ದಿನ ಉತ್ತರದ ಗಾಳಿ ಎದ್ದಿತು. ಇಲ್ಲಿ ಅದು ಎದ್ದರೆ ಮರಳು ಬಾಯೊಳಗೆ ಬರುತ್ತದೆ, ಚಳಿ ಎಲುಬಿಗೆ ಇಳಿಯುತ್ತದೆ. ಮನೆಯವರು ಡೇರೆಯನ್ನು ಸುತ್ತಲೂ ಬಿಗಿಯಾಗಿ ಕಟ್ಟಿ, ಅಜ್ಜಿಯ ಹತ್ತಿರ ಕೆಂಡದ ತಟ್ಟೆ ಎಳೆದಿಟ್ಟು, ಪಕ್ಕದ ಡೇರೆಯಲ್ಲಿ ಊಟಕ್ಕೆ ಕೂತರು. ಒಳಗೆ ಅಜ್ಜಿ ಮತ್ತು ನರ್ಸು ಇಬ್ಬರೇ. ಮಧ್ಯಾಹ್ನ ಮೂರು ಗಂಟೆಗೆ ಕಾಫಿಗೆಂದು ಬಂದವರು ನೋಡಿದಾಗ ಇಬ್ಬರಿಗೂ ಪ್ರಜ್ಞೆ ಇರಲಿಲ್ಲ.

ಇಬ್ಬರೂ ಬದುಕಿದರು. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆಮೇಲಿನ ಮೂರು ದಿನ ನನಗೆ ಅದನ್ನು ಹೇಳುವವರು ಯಾರೂ ಇರಲಿಲ್ಲ. ಅಜ್ಜಿ ತಿಂಗಳ ಮೇಲೆ ಆಸ್ಪತ್ರೆಯಲ್ಲಿದ್ದರು. ನರ್ಸು ಬೇಗ ಎದ್ದಳು, ಆದರೆ ಬಹಳ ಕಾಲ ತಲೆನೋವು, ಹೇಳಿದ್ದು ಮರೆಯುತ್ತಿತ್ತು. ಕೊನೆಗೆ ಊರಿಗೆ ಹೋದಳು.

ವಿಚಾರಣೆ ಆಫೀಸಿನ ಮೀಟಿಂಗ್ ಕೋಣೆಯಲ್ಲಿ ನಡೆಯಿತು. ಮ್ಯಾನೇಜರ್ ಫೈಲನ್ನು ಗೋಡೆಯ ಮೇಲೆ ಹಾಕಿದರು. ಡೇರೆಯಲ್ಲಿ ಕೆಂಡ ಇದ್ದ ವಿಷಯವನ್ನು ವಾರವಿಡೀ ಅಲ್ಲಿದ್ದ ಹಿರಿಯ ನರ್ಸು ಯಾಕೆ ವರದಿ ಮಾಡಲಿಲ್ಲ ಎಂಬುದು ಪ್ರಶ್ನೆ. ಅದಕ್ಕೆ ಉತ್ತರ ಇಬ್ಬರಿಗೆ ಗೊತ್ತಿತ್ತು. ಪ್ರಶ್ನೆ ನನ್ನ ಕಡೆಗೆ ಬರುವ ಮೊದಲು ಮಧ್ಯಾಹ್ನದ ಲುಹರ್ ನಮಾಜಿಗೆ ಬಿಡುವು ಕೊಟ್ಟರು.

ಬಚ್ಚಲಿಗೆ ಹೋಗಿ ಫೋನು ತೆಗೆದೆ. ಆ ಮೆಸೇಜು ಅಳಿಸಿದೆ. ಆಮೇಲೆ ಅದೇ ಕೈಯಲ್ಲಿ ಮುಖ, ಕಾಲು ತೊಳೆದು ವುಜೂ ಮಾಡಿಕೊಂಡು ನಮಾಜಿನ ಸಾಲಿನಲ್ಲಿ ನಿಂತೆ. ಹೆಂಡತಿ, ಮಕ್ಕಳ ಶಾಲೆ, ಎಲ್ಲರ ವೀಸಾ ನನ್ನ ಕೆಲಸಕ್ಕೆ ಕಟ್ಟಿಹಾಕಿದೆ ಎಂದು ಅಲ್ಲಾಹನಿಗೆ ವಿವರಿಸುತ್ತಿದ್ದೆ, ಅವನಿಗೆ ಗೊತ್ತಿಲ್ಲವೋ ಎಂಬಂತೆ. ಅಂದು ನೆಲಕ್ಕೆ ಹಣೆ ಇಟ್ಟದ್ದು ನಾಚಿಕೆಯಿಂದ ಅಲ್ಲ. ನಾಚಿಕೆ ಆಮೇಲೆ ಬಂತು, ಬಂದದ್ದು ಹೋಗಲಿಲ್ಲ.

ಬಿಡುವಿನ ನಂತರ ಮ್ಯಾನೇಜರ್ ದೊಡ್ಡ ಸಿಸ್ಟರನ್ನು ಕೇಳಿದರು. ಅವರು ತಮ್ಮ ಒಡೆದ ಇಂಗ್ಲಿಷಿನಲ್ಲಿ, ನಾನು ಹೇಳಿದ್ದೆ ಎಂದರು. ಯಾರಿಗೆ ಎಂದು ಮ್ಯಾನೇಜರ್ ಕೇಳಿದರು. ಅವರು ನನ್ನನ್ನು ನೋಡಿದರು. ಬೆರಳು ತೋರಿಸಲಿಲ್ಲ, ಸುಮ್ಮನೆ ನೋಡಿದರು. ಮ್ಯಾನೇಜರೂ ನನ್ನ ಕಡೆ ತಿರುಗಿ, ನಿನಗೇನಾದರೂ ಗೊತ್ತೇ ಎಂದರು.

"ನನಗೆ ಅಂಥದ್ದೇನೂ ಬಂದಿಲ್ಲ" ಎಂದೆ.

ಹೇಳಿ ಮುಗಿಸುವಾಗ ಅವರ ಮಡಿಲಿನ ಮೇಲೆ ಕಣ್ಣು ಬಿತ್ತು. ಅವರ ಫೋನು ಅಲ್ಲಿತ್ತು. ಆಗ ಹೊಳೆಯಿತು. ನನ್ನ ಫೋನಿನಿಂದ ಹೋದದ್ದು ಅವರ ಫೋನಿನಿಂದ ಹೋಗಿಲ್ಲ. ಒಂದು ಬೆರಳು ಒತ್ತಿದರೆ ಅವರ ದನಿ ಕೋಣೆಯ ತುಂಬ ಕೇಳುತ್ತಿತ್ತು. ಕನ್ನಡ ಬಾರದ ಮ್ಯಾನೇಜರಿಗೂ ಅದು ಯಾರಿಗೆ, ಯಾವ ದಿನ ಹೋದದ್ದು ಎಂದು ಕಾಣುತ್ತಿತ್ತು. ಅವರು ಫೋನು ಕೈಗೆತ್ತಿಕೊಂಡರು. ಪರದೆಯನ್ನು ಎರಡು ಸಲ ಮೇಲೆ ಕೆಳಗೆ ಸರಿಸಿದರು. ಆಮೇಲೆ ಅದನ್ನು ಚೀಲದೊಳಗೆ ಇಟ್ಟು ಜಿಪ್ಪು ಎಳೆದರು. "ಖಲಾಸ್" ಎಂದರು.

ಅಪಾಯವನ್ನು ವರದಿ ಮಾಡದ ನಿರ್ಲಕ್ಷ್ಯಕ್ಕಾಗಿ ಎಚ್ಚರಿಕೆಯ ಪತ್ರ ಕೊಟ್ಟರು. ಟೈಪ್ ಮಾಡಿದ್ದು ನಾನು. ತಿಂಗಳ ಕೊನೆಗೆ ಅವರ ಕರಾರು ಮುಗಿಯುವುದಿತ್ತು. ಅದನ್ನು ಮುಂದುವರಿಸಲಿಲ್ಲ. ಹದಿನೆಂಟು ವರ್ಷದ ಕತಾರಿನ ನೌಕರಿ ನಿರ್ಲಕ್ಷ್ಯ ಎಂಬ ಒಂದು ಶಬ್ದದಲ್ಲಿ ಮುಗಿಯಿತು. ಸ್ಟಾಫಿನ ಕಟ್ಟಡದಲ್ಲಿ ಮಲಯಾಳಿ ನರ್ಸಿನ ಗೆಳತಿಯರು ಅವರ ಜೊತೆ ಊಟಕ್ಕೆ ಕೂರುವುದನ್ನು ಬಿಟ್ಟರು ಎಂದು ಡ್ರೈವರ್ ಹೇಳಿದ. ಅವನು ಹೇಳಿದಾಗಲೂ ನಾನು ಬಾಯಿ ಬಿಡಲಿಲ್ಲ.

ಹೊರಡುವ ಹಿಂದಿನ ದಿನ ಆಫೀಸಿಗೆ ಬಂದರು. ಎರಡು ಸ್ವೆಟರ್ ಹಾಗೇ ಇತ್ತು. ಗುರುತಿನ ಕಾರ್ಡು, ಚೀಲ, ರಕ್ತದೊತ್ತಡದ ಯಂತ್ರ ಎಲ್ಲ ನನ್ನ ಮೇಜಿನ ಮೇಲಿಟ್ಟರು. ನಾನು ಏನೋ ಹೇಳಲು ಹೋದೆ. ಕೈ ಎತ್ತಿ ತಡೆದರು.

"ಕೋಆರ್ಡಿನೇಟರ್ ಸರ್, ಪೆನ್ನು ಹಿಡಿಯಿರಿ" ಎಂದರು. ಅಷ್ಟು ವರ್ಷಗಳಲ್ಲಿ ಮೊದಲ ಸಲ ನನ್ನನ್ನು ತಮ್ಮಾ ಎನ್ನಲಿಲ್ಲ. "ಚಳಿಗಾಲಕ್ಕೆ ನಾನು ಎಂತೆಂತ ಮಾಡ್ತೇನೆ, ಹೇಳ್ತೇನೆ. ಇಂಗ್ಲಿಷಿನಲ್ಲಿ ಬರೀರಿ. ಪ್ರತಿ ಸಾಲು ಬರೆದು ಆದ ಮೇಲೆ ನನಗೆ ಕನ್ನಡದಲ್ಲಿ ಓದಿ ಹೇಳ್ಬೇಕು. ಈ ಸಲ ನಾನು ನೋಡ್ತೇನೆ ಎಂತ ಬರೀತೀರಿ ಅಂತ."

ಒಂದೂವರೆ ಗಂಟೆ ಹೇಳಿದರು. ಮಂಜು, ಬೋರ್ಡು, ಪಾದ, ಬಚ್ಚಲು, ಬಿಸಿನೀರಿನ ಚೀಲವನ್ನು ಬಟ್ಟೆಯಲ್ಲಿ ಸುತ್ತದೆ ಚರ್ಮಕ್ಕೆ ತಾಗಿಸಬಾರದು ಎಂಬುದು, ಮಳೆ ಬಂದ ದಿನ ತಗ್ಗಿನ ರಸ್ತೆಯಲ್ಲಿ ನೀರು ನಿಲ್ಲುತ್ತದೆ ಎಂಬುದು, ಕೆಂಡ. ನಾನು ಬರೆದೆ, ಓದಿದೆ. ಒಂದು ಸಾಲಿನಲ್ಲಿ ಇರಲೇಬೇಕು ಎಂಬಲ್ಲಿ ಇದ್ದರೆ ಒಳ್ಳೆಯದು ಎಂದು ಮೆತ್ತಗೆ ಮಾಡಿದ್ದೆ. ಹಿಡಿದುಬಿಟ್ಟರು. ಹೊಡೆದು ಹಾಕಿ ಮತ್ತೆ ಬರೆಸಿದರು. ಎಲ್ಲ ಆದ ಮೇಲೆ ಎದ್ದು ನಿಂತರು.

"ಇದು ನಿಮಗೋಸ್ಕರ ಅಲ್ಲ. ಆ ಹುಡುಗಿಯರಿಗೆ. ನಾನು ಕ್ಷಮಿಸಿದೆ ಅಂತ ಜನರ ಹತ್ರ ಹೇಳ್ಕೊಂಡು ತಿರುಗ್ಬೇಡಿ, ನನಗೆ ಅಷ್ಟು ದೊಡ್ಡ ಮನಸ್ಸಿಲ್ಲ" ಎಂದು ಹೇಳಿ ಹೋದರು. ಬಾಗಿಲಿನವರೆಗೆ ಹೋಗಿ ಕಳಿಸಿಕೊಡುವ ಧೈರ್ಯವೂ ನನಗೆ ಬರಲಿಲ್ಲ.

ಮೂರು ವರ್ಷ ಹೋಯಿತು. ಅವರ ಪಟ್ಟಿಯಿಂದ ನನಗೆ ಹೆಸರು ಬಂತು, ಬಡ್ತಿ ಬಂತು. ನಡುವೆ ಎರಡು ಸಲ ಊರಿಗೆ ಹೋದೆ. ನನ್ನೂರು ಉಪ್ಪಿನಂಗಡಿಯಿಂದ ಶಿರ್ವ ಎಷ್ಟು ದೂರ, ಬೆಳಿಗ್ಗೆ ಹೊರಟರೆ ಸಂಜೆ ಚಹಾಕ್ಕೆ ವಾಪಸು ಬರಬಹುದು. ಹೋಗಲಿಲ್ಲ. ಮುಂದಿನ ಸಲ ಎಂದುಕೊಂಡೆ.

ಚಪ್ಪಾಳೆಯ ಮರುದಿನ ಮ್ಯಾನೇಜರ್ ಹತ್ತಿರ ಹೋಗಿ ಎಲ್ಲ ಹೇಳಿದೆ. ಆ ಎಚ್ಚರಿಕೆಯ ಪತ್ರವನ್ನು ರದ್ದು ಮಾಡಿ, ತಪ್ಪು ನನ್ನದೆಂದು ಫೈಲಿನಲ್ಲಿ ಬರೆಯಿರಿ ಎಂದೆ. ಮುಶೈರಿಬ್‌ನ ಹಳೆಯ ಆಫೀಸಿನಿಂದ ಇಲ್ಲಿಗೆ ಬರುವಾಗ, ಬಿಟ್ಟುಹೋದವರ ಫೈಲುಗಳನ್ನೆಲ್ಲ ಚೂರು ಮಾಡಿಸಿದೆವು, ಕಂಪ್ಯೂಟರಿನಲ್ಲಿದ್ದದ್ದನ್ನೂ ಅಳಿಸಿ ಆಗಿದೆ ಎಂದರು ಅವರು. "ಈಗ ಎಲ್ಲಿ ತಿದ್ದುತ್ತೀಯ? ಫೈಲೇ ಮಾಫಿ, ಇಲ್ಲವೇ ಇಲ್ಲ. ಹೋಗು, ಕೆಲಸ ನೋಡು." ನನ್ನನ್ನು ಕೆಲಸದಿಂದ ತೆಗೆಯುವಷ್ಟು ದೊಡ್ಡದಾಗಿಯೂ ಅವರಿಗೆ ಅದು ಕಾಣಲಿಲ್ಲ. ಇಷ್ಟಕ್ಕೆ ಹೆದರಿ ನಾನು ಅಷ್ಟು ಮಾಡಿದ್ದೆ.

ಉಳಿದದ್ದು ಅವರ ಮಗಳು. ಉಡುಪಿಯಲ್ಲಿ ಶಾಲೆಯ ಟೀಚರು. ಡ್ರೈವರನಿಂದ ನಂಬರ್ ತೆಗೆದುಕೊಂಡು ಫೋನ್ ಮಾಡಿದೆ. ಹೆಸರು ಹೇಳಿದೆ. ಅಮ್ಮನ ಸುದ್ದಿ ತಿಳಿದು ಬೇಸರವಾಯಿತು ಎಂದು ಶುರು ಮಾಡಿ, ಎಲ್ಲಿ ನಿಲ್ಲಿಸಿಬಿಡುತ್ತೇನೋ ಎಂದು ಹೆದರಿ ಒಂದೇ ಉಸಿರಿಗೆ ಹೇಳಿದೆ. ಮೆಸೇಜು ಬಂದಿತ್ತು, ನಾನು ಬರೆಯಲಿಲ್ಲ, ಅಳಿಸಿದೆ, ಸುಳ್ಳು ಹೇಳಿದೆ. ನಿಮ್ಮ ಅಮ್ಮನ ಮೇಲೆ ಬಂದ ತಪ್ಪು ನನ್ನದು.

ಆಕೆ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಹೇಳಿದಳು.

"ನನಗೆ ಗೊತ್ತುಂಟು. ಅಮ್ಮ ಬಂದ ದಿನವೇ ಆ ವಾಯ್ಸ್ ಕೇಳಿಸಿದ್ರು. ನಾನು ಕೂಡ್ಲೇ ಕಂಪನಿಗೆ ಕಳಿಸುವಾ ಅಂದೆ. ಬೇಡ ಅಂದ್ರು. ನಾವು ತೋರಿಸಿದ್ರೆ ಅವನು ಸುಳ್ಳುಗಾರ ಆಗ್ತಾನೆ, ಅವನೇ ಹೇಳಿದ್ರೆ ತಪ್ಪು ಮಾಡಿದವ ಅಷ್ಟೇ. ಹೆಂಡ್ತಿ ಮಕ್ಕಳು ಇದ್ದಾರೆ. ಸ್ವಲ್ಪ ದಿನ ಬಿಡು, ಹೇಳ್ತಾನೆ ಅಂದ್ರು."

ಅವರು ಅವತ್ತು ಕ್ಷಮಿಸುವುದಿಲ್ಲ ಎಂದು ಹೋಗಿದ್ದರಲ್ಲ ಎಂದೆ, ಏನಾದರೂ ಹೇಳಬೇಕಲ್ಲ ಎಂದು.

"ಸಿಟ್ಟು ಇತ್ತು. ಸಿಟ್ಟು ಬೇರೆ, ಕಾಯುದು ಬೇರೆ" ಎಂದಳು. "ಶುಕ್ರವಾರ ನಿಮಗೆ ರಜೆ ಅಂತ ಅಮ್ಮನಿಗೆ ಗೊತ್ತಿತ್ತಲ್ಲ. ನಮಾಜು ಮುಗಿಸಿ, ಊಟ ಮಾಡಿ, ಪುರುಸೊತ್ತಿನಲ್ಲಿ ಮಾಡ್ತಾನೆ ಅಂತ ಹೇಳಿ, ಪ್ರತಿ ಶುಕ್ರವಾರ ಮಧ್ಯಾಹ್ನದ ಮೇಲೆ ಫೋನು ಹತ್ರ ಇಟ್ಕೊಂಡು ಜಗಲಿಯಲ್ಲಿ ಕೂತಿರ್ತಿದ್ರು. ಬೇರೆ ಯಾರಾದ್ರೂ ಮಾಡಿದ್ರೆ ಬೇಗ ಇಡು ಅಂತಿದ್ರು. ಎರಡು ವರ್ಷ ಹಾಗೆ ಮಾಡಿದ್ರು. ಮತ್ತೆ ಶುಕ್ರವಾರವೂ ಊಟ ಆದ ಕೂಡ್ಲೇ ಮಲಗ್ಲಿಕ್ಕೆ ಶುರು ಮಾಡಿದ್ರು."

ಆ ಶುಕ್ರವಾರಗಳಲ್ಲಿ ನೀವೇನು ಮಾಡುತ್ತಿದ್ದಿರಿ ಎಂದು ಆಕೆ ಕೇಳಲಿಲ್ಲ. ಒಳ್ಳೆಯ ಹುಡುಗಿ. ಕೇಳಿದ್ದರೆ ಹೇಳಬೇಕಾಗುತ್ತಿತ್ತು, ನಾನೂ ಊಟ ಮಾಡಿ ಮಲಗುತ್ತಿದ್ದೆ ಎಂದು. ಒಳ್ಳೆಯ ನಿದ್ದೆ ಬರುತ್ತಿತ್ತು.